ಕಥೆ ಬರೆಯೋಕೆ ತೋಟದ ಮನೆ ಯಾಕೆ ಬೇಕು?



ದಸರಾ ರಜೆಯಲ್ಲಿ ನಮ್ಮ ಶಾಲೆಯ 11 ಮಕ್ಕಳು ಎರಡು ದಿನ ಒಂದು ತೋಟದ ಮನೆಯಲ್ಲಿ ಉಳಿದುಕೊಂಡು ಕಥೆ, ಕವನ ಬರೆದೆವು. ಆಮೇಲೆ ಊರಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಬರೆಯೋಕೆ ಅಲ್ಲೀವರೆಗೂ ಯಾಕೆ ಹೋಗ್ಬೇಕು? ಮನೇಲೇ ಕೂತು ಬರೀಬಹುದಲ್ವಾ?" ಇದು ಒಳ್ಳೆಯ ಪ್ರಶ್ನೆ. ನನಗೆ ತಿಳಿದ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ಕಮ್ಮಟ ಎಂದರೇನು?

ಹಿಂದಿನ ಕಾಲದಲ್ಲಿ ನಾಣ್ಯಗಳನ್ನು ಅಚ್ಚು ಹಾಕುವ ಜಾಗಕ್ಕೆ ಕಮ್ಮಟ ಎನ್ನುತ್ತಿದ್ದರು. ಈಗ ಕೆಲವರು ಒಂದು ಕಡೆ ಸೇರಿ ಬರೆಯುವುದು, ಓದುವುದು, ತಿದ್ದುವುದು ಮಾಡಿದರೆ ಅದಕ್ಕೂ ಕಮ್ಮಟ ಎನ್ನುತ್ತಾರೆ. ಕಾಸು ಅಚ್ಚಾಗುವ ಹಾಗೆ ಕಥೆ ಅಚ್ಚಾಗುವ ಜಾಗ ಎಂದು ನಮ್ಮ ಕನ್ನಡ ಮೇಷ್ಟ್ರು ಹೇಳಿದರು.

ನಾವು ಹೋದ ಮನೆ ಹೇಗಿತ್ತು?

ಊರಿನಿಂದ ಮೂರು ಕಿಲೋಮೀಟರ್ ದೂರದಲ್ಲಿ ತೆಂಗಿನ ತೋಟದ ನಡುವೆ ಹೆಂಚಿನ ಮನೆ. ಎರಡು ಕೋಣೆ, ಒಂದು ಜಗಲಿ. ಪಂಪ್‌ಸೆಟ್ಟಿಗೆ ಕರೆಂಟ್ ಇದೆ, ಮನೆಗೆ ಇಲ್ಲ. ತೋಟ ಕಾಯುವ ಅಜ್ಜ ಒಬ್ಬರೇ ಅಲ್ಲಿರುತ್ತಾರೆ. ರಾತ್ರಿ ಹುಡುಗಿಯರು ಟೀಚರ್ ಜೊತೆ ಒಳಗೆ, ಹುಡುಗರು ಮೇಷ್ಟ್ರ ಜೊತೆ ಜಗಲಿಯಲ್ಲಿ ಮಲಗಿದೆವು. ಒಬ್ಬೊಬ್ಬರು ಅರ್ಧ ಸೇರು ಅಕ್ಕಿ, ಒಂದು ತೆಂಗಿನಕಾಯಿ, ಒಂದು ನೋಟ್‌ಬುಕ್, ಎರಡು ಪೆನ್ನು, ಒಂದು ಚಾಪೆ ತರಬೇಕಾಗಿತ್ತು. ಮೊಬೈಲ್ ತರುವ ಹಾಗಿಲ್ಲ.

ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 2ರಿಂದ 4 ಬರೆಯುವ ಹೊತ್ತು. ಆಗ ಯಾರೂ ಯಾರನ್ನೂ ಮಾತಾಡಿಸಬಾರದು. ಸಂಜೆ ಬರೆದಿದ್ದನ್ನು ಗಟ್ಟಿಯಾಗಿ ಓದಬೇಕು. ಕೇಳಿದವರು "ಚೆನ್ನಾಗಿದೆ" ಅಂತ ಹೇಳಿ ಸುಮ್ಮನಾಗಬಾರದು. ಯಾವ ಮಾತು ಕಣ್ಣಿಗೆ ಕಟ್ಟಿತು, ಎಲ್ಲಿ ಅರ್ಥ ಆಗಲಿಲ್ಲ ಎಂದು ಹೇಳಬೇಕು.

ಮೊದಲ ದಿನ ಅರ್ಧ ಗಂಟೆ ಯಾರ ಪೆನ್ನೂ ಓಡಲಿಲ್ಲ. ಆಗ ಮೇಷ್ಟ್ರು, "ಕಥೆ ಬೇಡ. ಈಗ ಕಿವಿಗೆ ಬೀಳೋ ಸದ್ದನ್ನೆಲ್ಲ ಪಟ್ಟಿ ಮಾಡಿ" ಎಂದರು. ನನ್ನ ಪಟ್ಟಿಯಲ್ಲಿ 14 ಸದ್ದುಗಳು ಬಂದವು. ಒಣಗಿದ ಗರಿ ಬೀಳುವ ಸದ್ದು, ಅಳಿಲು, ದೂರದ ಟ್ರ್ಯಾಕ್ಟರ್, ಅಜ್ಜನ ಕೆಮ್ಮು. ಪಟ್ಟಿ ಮುಗಿಯುವ ಹೊತ್ತಿಗೆ ಬರೆಯೋಕೆ ಏನಾದರೂ ಸಿಕ್ಕೇ ಸಿಗುತ್ತದೆ.

ನನಗೆ ಸಿಕ್ಕಿದ್ದು ರಾತ್ರಿ. 2 ಗಂಟೆಗೆ ತ್ರೀ ಫೇಸ್ ಕರೆಂಟ್ ಬಂತು. ಮೋಟಾರ್ ಸದ್ದಿಗೆ ಎಚ್ಚರವಾಗಿ ಕಿಟಕಿಯಲ್ಲಿ ನೋಡಿದೆ. ಅಜ್ಜ ಬರಿಗಾಲಲ್ಲಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಗುದ್ದಲಿಯಿಂದ ಮಣ್ಣು ಎಳೆದು ಒಂದು ಪಾತಿಯಿಂದ ಇನ್ನೊಂದು ಪಾತಿಗೆ ನೀರು ತಿರುಗಿಸುತ್ತಿದ್ದರು. ನಮ್ಮಪ್ಪನೂ ಎಷ್ಟೋ ರಾತ್ರಿ ಹೀಗೇ ಎದ್ದು ಹೋಗ್ತಾರೆ. ಬೆಳಿಗ್ಗೆ ಅವರ ಕೆಸರುಗಾಲು ಮಾತ್ರ ನಾನು ನೋಡಿದ್ದೆ. ಮಾರನೇ ದಿನ ಅದನ್ನೇ ನಾಲ್ಕು ಪುಟ ಬರೆದೆ.

ದೊಡ್ಡ ಲೇಖಕರು ಏನು ಮಾಡಿದರು?

ಅಮೆರಿಕದಲ್ಲಿ ಹೆನ್ರಿ ಡೇವಿಡ್ ಥೋರೋ ಎಂಬ ಲೇಖಕರಿದ್ದರು. ಇವರ ಬರಹವನ್ನು ಗಾಂಧೀಜಿಯವರು ಮೆಚ್ಚಿ ಓದಿದ್ದರು. ಥೋರೋ 1845ರ ಜುಲೈ 4ರಂದು ಕಾಂಕರ್ಡ್ ಎಂಬ ಊರಿನ ಹತ್ತಿರ ವಾಲ್ಡನ್ ಕೊಳದ ದಡದಲ್ಲಿ ತಾವೇ ಕಟ್ಟಿದ ಮರದ ಮನೆಗೆ ಹೋದರು. ಆ ಮನೆ 10 ಅಡಿ ಅಗಲ, 15 ಅಡಿ ಉದ್ದ. ಕಟ್ಟಲು ಆದ ಖರ್ಚು 28 ಡಾಲರ್ 12½ ಸೆಂಟ್ ಎಂದು ಅವರೇ ಲೆಕ್ಕ ಬರೆದಿಟ್ಟಿದ್ದಾರೆ. ಒಳಗೆ ಮಂಚ, ಮೇಜು, ಬರೆಯುವ ಡೆಸ್ಕು, ಮೂರು ಕುರ್ಚಿ. ಹುರುಳಿಯ ಜಾತಿಯ ಕಾಳು ಬೆಳೆದರು, ಬರೆದರು. ಎರಡು ವರ್ಷ ಎರಡು ತಿಂಗಳು ಎರಡು ದಿನ ಅಲ್ಲಿದ್ದು 1847ರ ಸೆಪ್ಟೆಂಬರ್ 6ರಂದು ಹೊರಟರು. "ವಾಲ್ಡನ್" ಪುಸ್ತಕ ಅಚ್ಚಾಗಿದ್ದು 1854ರಲ್ಲಿ. ಅಲ್ಲಿಂದ ಬಂದ ಮೇಲೂ ಏಳು ವರ್ಷ ಬೇಕಾಯಿತು! ಅಷ್ಟು ಕಾಲ ತಿದ್ದಿ ತಿದ್ದಿ ಬರೆದರು.

ಅವರು ದೊಡ್ಡ ಕಾಡಿನಲ್ಲಿ ಒಬ್ಬರೇ ಇದ್ದರು ಅಂದುಕೊಳ್ಳಬೇಡಿ. ಊರು ಎರಡೂವರೆ ಕಿಲೋಮೀಟರ್ ಅಷ್ಟೇ. ಕೊಳದ ಪಕ್ಕದಲ್ಲೇ ರೈಲು ಹೋಗುತ್ತಿತ್ತು. ಮನೆ ಕಟ್ಟಿದ ಜಾಗವೂ ಅವರದಲ್ಲ, ಸ್ನೇಹಿತರಾದ ಎಮರ್ಸನ್ ಅವರದು. ಎಮರ್ಸನ್ ಜಾಗ ಕೊಟ್ಟಿದ್ದರಿಂದ ಥೋರೋಗೆ ಅಲ್ಲಿ ಮನೆ ಆಯಿತು.

ನಮ್ಮ ಕುವೆಂಪು ಅವರನ್ನು ನೋಡಿ. 1904ರಲ್ಲಿ ಹುಟ್ಟಿದ ಅವರು ಬೆಳೆದದ್ದು ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿ. ಮನೆಯ ಹತ್ತಿರದ ಗುಡ್ಡದ ಮೇಲಿನ ಬಂಡೆಗಳ ಜಾಗವೇ ಕವಿಶೈಲ. ಅಲ್ಲಿ ಕುಳಿತು ಕಾಡು, ಆಕಾಶ ನೋಡುವುದು ಅವರಿಗೆ ತುಂಬಾ ಇಷ್ಟ. ಆದರೆ ಕೆಲಸದ ಮೇಲೆ ಅವರು ಇದ್ದದ್ದು ಮೈಸೂರಿನಲ್ಲಿ. "ಕಾನೂರು ಹೆಗ್ಗಡಿತಿ" ಕಾದಂಬರಿ 1936ರಲ್ಲಿ ಬಂತು, "ಮಲೆಗಳಲ್ಲಿ ಮದುಮಗಳು" 1967ರಲ್ಲಿ ಬಂತು. ಎರಡರಲ್ಲೂ ಮಲೆನಾಡೇ ತುಂಬಿದೆ. ಅಂದರೆ ಜಾಗದಲ್ಲಿ ಕೂತು ನೋಡುವುದು ಒಂದು, ನೋಡಿದ್ದನ್ನು ಮನಸ್ಸಲ್ಲಿ ಇಟ್ಟುಕೊಂಡು ಆಮೇಲೆ ಬರೆಯುವುದು ಇನ್ನೊಂದು. ಎರಡಕ್ಕೂ ಬಿಡುವು ಬೇಕು.

ಹಾಗಾದರೆ ಮನೆಯಲ್ಲಿ ಯಾಕೆ ಆಗುವುದಿಲ್ಲ?

ಕಮ್ಮಟದಿಂದ ಬಂದ ಮೇಲೆ ಒಂದು ಸಂಜೆ ನಾನು ಲೆಕ್ಕ ಇಟ್ಟೆ. 6 ಗಂಟೆಗೆ ಬರೆಯಲು ಕೂತೆ. 8 ಗಂಟೆಯ ಒಳಗೆ 9 ಸಲ ಎದ್ದೆ. ನಲ್ಲಿ ನೀರು ಬಂತು ಎಂದು 2 ಸಲ, ತಮ್ಮ ಅತ್ತ ಎಂದು 3 ಸಲ, ಅಂಗಡಿಗೆ 1 ಸಲ, ಒಲೆ ನೋಡು ಎಂದು 2 ಸಲ, ನೆಂಟರಿಗೆ ನೀರು ಕೊಡು ಎಂದು 1 ಸಲ. ಬರೆದದ್ದು ಐದು ಸಾಲು. ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅಮ್ಮ ಆ ಹೊತ್ತಿನಲ್ಲಿ ಕೂತಿದ್ದೇ ನಾನು ನೋಡಲಿಲ್ಲ.

ತೋಟದ ಮನೆಯಲ್ಲಿ ನನ್ನನ್ನು ಯಾರೂ ಕೂಗಲಿಲ್ಲ. ಯಾಕೆಂದರೆ ಆ ಎರಡು ದಿನ ನನ್ನ ಪಾಲಿನ ನೀರನ್ನು ಅಕ್ಕ ಹೊತ್ತಳು. ತಮ್ಮನನ್ನು ಅಜ್ಜಿ ನೋಡಿಕೊಂಡರು. ಒಬ್ಬರು ಬರೆಯಲು ಕೂತರೆ ಅವರ ಕೆಲಸವನ್ನು ಇನ್ನೊಬ್ಬರು ಮಾಡುತ್ತಿರುತ್ತಾರೆ ಎಂದು ನನಗೆ ಆಗ ಗೊತ್ತಾಯಿತು. ತೋಟದ ಮನೆಯಲ್ಲಿ ನಮಗೆ ಸಿಕ್ಕಿದ್ದು ಆ ಬಿಡುವು.

ಆದರೆ ಎಲ್ಲರಿಗೂ ಅದು ಸಿಗಲಿಲ್ಲ. ನಮ್ಮ ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಥೆ ಹೇಳುವ ಗೆಳತಿ ಒಬ್ಬಳು ಕಮ್ಮಟಕ್ಕೆ ಬರಲಿಲ್ಲ. ಅವಳ ಅಮ್ಮ ಕೂಲಿಗೆ ಹೋದರೆ ಎರಡು ವರ್ಷದ ತಂಗಿಯನ್ನು ನೋಡಿಕೊಳ್ಳುವವರು ಇಲ್ಲ. ಉಳಿದ ಹೊತ್ತಿನಲ್ಲಿ ಊದುಬತ್ತಿ ಹೊಸೆಯಬೇಕು. (ಇದನ್ನು ಅವಳನ್ನು ಕೇಳಿಯೇ ಬರೆದಿದ್ದೇನೆ.) "ನನ್ ಕಥೆ ಎಲ್ಲಾ ಬತ್ತಿ ಹೊಸೀತಾ ಹೊಸೀತಾ ತಲೇಲೇ ಇರುತ್ತೆ ಕಣೆ, ಹಾಳೆಗೆ ಬರಲ್ಲ" ಅಂದಳು.

ನಾವು ಏನು ಮಾಡಬಹುದು?

ಪ್ರತಿ ವರ್ಷ ತೋಟದ ಮನೆ ಸಿಗುವುದಿಲ್ಲ. ಅದಕ್ಕೆ 11 ಜನರೂ ಸೇರಿ ಹೀಗೆ ಯೋಚಿಸಿದ್ದೇವೆ.

1. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಗ್ರಂಥಾಲಯದ ಕೋಣೆಯನ್ನು ಬರೆಯುವವರಿಗೆ ಬಿಟ್ಟುಕೊಡಬೇಕು ಎಂದು ಗುರುಗಳನ್ನು ಕೇಳಿಕೊಳ್ಳುತ್ತೇವೆ.
2. ಒಳಗೆ ಮಾತಿಲ್ಲ. ಹೊರಗಿನಿಂದ ಕೂಗುವ ಹಾಗೂ ಇಲ್ಲ.
3. ತಮ್ಮ ತಂಗಿಯರನ್ನು ಕರೆದುಕೊಂಡು ಬರಬಹುದು. ಪ್ರತಿ ವಾರ ಇಬ್ಬರು ಸರದಿಯಂತೆ ಹುಣಸೆ ಮರದ ಕೆಳಗೆ ಅವರನ್ನು ಆಡಿಸಬೇಕು. ಹುಡುಗರಿಗೂ ಸರದಿ ಇದೆ.
4. ಕೊನೆಯ ಅರ್ಧ ಗಂಟೆ ಓದುವುದು, ತಿದ್ದುವುದು. ಚೆನ್ನಾಗಿ ಬಂದಿದ್ದನ್ನು ಈ ಗೋಡೆ ಪತ್ರಿಕೆಗೆ ಕೊಡುವುದು.

ಮೊದಲನೇ ಶನಿವಾರ ಮಕ್ಕಳನ್ನು ಆಡಿಸುವ ಸರದಿ ನನ್ನದು. ಎರಡನೇ ಹೆಸರು ಇನ್ನೂ ಖಾಲಿ ಇದೆ. ಈ ಹಾಳೆಯ ಕೆಳಗೆ ಜಾಗ ಬಿಟ್ಟಿದ್ದೇನೆ. ಒಪ್ಪಿಗೆ ಇದ್ದವರು ಪೆನ್ನಿನಿಂದ ಹೆಸರು ಬರೆಯಿರಿ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ