ಪದವಿ ಮುಗಿದ ಮೇಲಿನ ಓದು: ಡೇಟಾಬೇಸ್ ಕೆಲಸದವರ ಸಮ್ಮೇಳನಗಳಿಗೆ ನಮ್ಮ ನೆರವು ಏಕೆ?





ಈ ವರದಿಯ ಕೊನೆಯಲ್ಲಿರುವ ವಿದ್ಯಾರ್ಥಿವೇತನ ಪ್ರಕಟಣೆಗೆ ಈ ಬಾರಿ ಒಂದು ಹೊಸ ಕಲಂ ಸೇರಿಸಿದ್ದೇವೆ. ನಮ್ಮ ನೆರವಿನಿಂದ ಓದು ಮುಗಿಸಿ, ಈಗ ಡೇಟಾಬೇಸ್ ಕೆಲಸದಲ್ಲಿರುವ ಅಥವಾ ಆ ಕೆಲಸ ಹುಡುಕುತ್ತಿರುವ ಯುವಕ ಯುವತಿಯರು ವೃತ್ತಿ ಸಮ್ಮೇಳನಗಳಿಗೆ ಹೋಗಿಬರಲು ಪ್ರಯಾಣ ಮತ್ತು ನೋಂದಣಿಯ ಖರ್ಚನ್ನು ಕೊಡುವ ಕಲಂ ಅದು. ವಿದ್ಯಾನಗರದ ಕಚೇರಿಯಲ್ಲಿ ನಡೆದ ಸಭೆಯಲ್ಲಿ ಇದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಹಿರಿಯ ಸದಸ್ಯರೊಬ್ಬರು ನೇರವಾಗಿಯೇ ಕೇಳಿದರು: ಕಾಲೇಜು ಶುಲ್ಕ ಕಟ್ಟಲಾಗದೆ ಮಕ್ಕಳು ನಮ್ಮ ಬಾಗಿಲಲ್ಲಿ ನಿಂತಿರುವಾಗ, ಸಂಬಳ ಎಣಿಸುವವನು ಬೆಂಗಳೂರಿಗೆ ಹೋಗಿ ಭಾಷಣ ಕೇಳಿ ಬರಲು ನಾವು ದುಡ್ಡು ಕೊಡಬೇಕೇ? ಪ್ರಶ್ನೆ ನ್ಯಾಯವಾದದ್ದು. ದಾನಿಗಳಲ್ಲಿಯೂ ಹಲವರಿಗೆ ಇದೇ ಪ್ರಶ್ನೆ ಬರುತ್ತದೆಂದು ನಮಗೆ ಗೊತ್ತು. ಆದ್ದರಿಂದ ಈ ಬರಹ.

ಮೊದಲು ಡೇಟಾಬೇಸ್ ಎಂದರೇನು ಎಂಬುದನ್ನು ಹೇಳಬೇಕು, ಏಕೆಂದರೆ ನಮ್ಮ ಪೋಷಕರಲ್ಲಿ ಬಹುಪಾಲು ಜನ ಮಂಡಕ್ಕಿ ಭಟ್ಟಿ, ಗ್ಯಾರೇಜು, ಹಣ್ಣಿನ ವ್ಯಾಪಾರ, ಹೊಲಿಗೆ ಇಂತಹ ಕೆಲಸಗಳಲ್ಲಿರುವವರು. ಹೊಲದ ಪಹಣಿಯನ್ನೇ ತೆಗೆದುಕೊಳ್ಳಿ. ಒಂದು ಕಾಲದಲ್ಲಿ ಅದು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. 2000ದ ಹೊತ್ತಿಗೆ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿ ದಾಖಲೆಗಳು ಕಂಪ್ಯೂಟರಿಗೆ ಸೇರಿದವು. ಆ ದಾಖಲೆಗಳನ್ನು ಒಂದು ಕ್ರಮದಲ್ಲಿ ಇಟ್ಟು, ಕೇಳಿದಾಗ ಕ್ಷಣದಲ್ಲಿ ಹುಡುಕಿ ಕೊಟ್ಟು, ಹಕ್ಕಿಲ್ಲದವರು ತಿದ್ದದಂತೆ ಕಾಯುವ ವ್ಯವಸ್ಥೆಯೇ ಡೇಟಾಬೇಸ್. ರೇಷನ್ ಕಾರ್ಡು, ಬ್ಯಾಂಕಿನ ಖಾತೆ, ರೈಲಿನ ಟಿಕೆಟ್ಟು, ಆಸ್ಪತ್ರೆಯ ಚೀಟಿ ಎಲ್ಲದರ ಹಿಂದೆಯೂ ಒಂದಲ್ಲ ಒಂದು ಡೇಟಾಬೇಸ್ ಇದೆ. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ‘ಉಮೀದ್’ ಪೋರ್ಟಲ್‌ನಲ್ಲಿ ವಕ್ಫ್ ಆಸ್ತಿಗಳ ವಿವರ ತುಂಬಲು ಮುತವಲ್ಲಿಗಳು ಕಾಗದದ ಕಟ್ಟು ಹಿಡಿದು ಓಡಾಡಿದ್ದು ನೆನಪಿರಬಹುದು. ಅದೂ ಡೇಟಾಬೇಸೇ.

ಈ ವ್ಯವಸ್ಥೆಯನ್ನು ನೋಡಿಕೊಳ್ಳುವವನ ಕೆಲಸ ಹೊರಗೆ ಕಾಣುವುದಿಲ್ಲ. ದಾಖಲೆಗಳ ನಕಲು ತೆಗೆದಿಡುವುದು, ಯಂತ್ರ ಕೆಟ್ಟರೆ ಆ ನಕಲಿನಿಂದ ಮತ್ತೆ ಕಟ್ಟುವುದು, ಯಾರಿಗೆ ಏನು ಕಾಣಬೇಕೆಂದು ನಿಗದಿ ಮಾಡುವುದು, ನಿಧಾನವಾದ ಹುಡುಕಾಟವನ್ನು ಚುರುಕುಗೊಳಿಸುವುದು, ಹಳೆಯ ಆವೃತ್ತಿಯಿಂದ ಹೊಸದಕ್ಕೆ ಸಾಗಿಸುವುದು. ಎಲ್ಲ ಸರಿಯಿದ್ದರೆ ಅವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಇನ್ನು ಕಲಿಕೆಯ ಮಾತು. ಪೋಸ್ಟ್‌ಗ್ರೆಸ್‌ ಎಂಬ ಡೇಟಾಬೇಸ್ ಇದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ತಂಡ ಆರಂಭಿಸಿದ್ದು. ಇಂದು ಜಗತ್ತಿನಾದ್ಯಂತ ಸ್ವಯಂಸೇವಕರೂ ಕಂಪನಿಗಳೂ ಸೇರಿ ಬೆಳೆಸುತ್ತಿದ್ದಾರೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಇದರ ದೊಡ್ಡ ಆವೃತ್ತಿ ವರ್ಷಕ್ಕೊಂದು ಬರುತ್ತದೆ, ಪ್ರತಿ ಆವೃತ್ತಿಗೂ ಐದು ವರ್ಷ ಮಾತ್ರ ದುರಸ್ತಿ ಸಿಗುತ್ತದೆ. 13ನೇ ಆವೃತ್ತಿ ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆ ಶೈಕ್ಷಣಿಕ ವರ್ಷ ನಮ್ಮ ಊರಿನ ಕಾಲೇಜಿಗೆ ಬಿ.ಇ.ಗೆ ಸೇರಿದ ಹುಡುಗಿ 2024ರಲ್ಲಿ ಪದವಿ ಪಡೆದು, ಕೆಲಸಕ್ಕೆ ಸೇರಿ, ಒಂದು ವರ್ಷ ದಾಟುವಷ್ಟರಲ್ಲಿ, ಅಂದರೆ 2025ರ ನವೆಂಬರ್‌ಗೆ, ಆ ಆವೃತ್ತಿಯ ಆಯುಷ್ಯ ಮುಗಿಯಿತು. ಆಗ 18ನೇ ಆವೃತ್ತಿ ಹೊರಬಂದಿತ್ತು. 1951ರಲ್ಲಿ ಶುರುವಾದ ಯು.ಬಿ.ಡಿ.ಟಿ. ಇರಲಿ, 1979ರ ಬಾಪೂಜಿ ಇಂಜಿನಿಯರಿಂಗ್ ಕಾಲೇಜಿರಲಿ, ಯಾವ ಕಾಲೇಜಿನ ಪಠ್ಯಕ್ರಮವೂ ಈ ವೇಗದಲ್ಲಿ ಓಡಲಾರದು. ಓಡಲೂಬಾರದು. ಮೂಲತತ್ವ ಕಲಿಸುವುದು ಕಾಲೇಜಿನ ಕೆಲಸ. ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಸಿದ್ಧಾಂತ ಇವತ್ತಿಗೂ ಹಾಗೆಯೇ ನಿಂತಿದೆ, ಅದನ್ನು ಕಲಿಯದವನಿಗೆ ಹೊಸ ಆವೃತ್ತಿಯೂ ಅರ್ಥವಾಗುವುದಿಲ್ಲ. ಉಳಿದದ್ದನ್ನು ಕೆಲಸದಲ್ಲಿದ್ದುಕೊಂಡೇ ಕಲಿಯಬೇಕು.

ಹರಿಹರದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ತುಂಬ ಹೋಗುತ್ತಿದ್ದವು. ಕಾರ್ಖಾನೆ ಮುಚ್ಚಿದ್ದಕ್ಕೆ ಕಾರಣಗಳು ಬೇರೆ. ಆದರೆ ಮುಚ್ಚಿದ ಮೇಲೆ ಕಂಪ್ಯೂಟರ್ ನಡೆಸುವ ಹೊಸ ಯಂತ್ರಗಳ ಕೆಲಸ ಬಲ್ಲವರು ಬೇರೆ ಊರಲ್ಲಿ ನೆಲೆ ಕಂಡುಕೊಂಡದ್ದನ್ನೂ, ಹಳೆಯ ಲೇತಿನಲ್ಲಿ ಎಂಥ ಕುಶಲಿಗಳಾಗಿದ್ದರೂ ಉಳಿದವರು ಕಷ್ಟಪಟ್ಟದ್ದನ್ನೂ ನಮ್ಮ ಮೊಹಲ್ಲಾಗಳು ಕಣ್ಣಾರೆ ಕಂಡಿವೆ.

ನಮ್ಮ ಫಲಾನುಭವಿಯೊಬ್ಬನ ವಿಷಯ ಹೇಳುತ್ತೇವೆ, ಹೆಸರು ಬೇಡ. ತಂದೆ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ಮಗ ಒಳ್ಳೆಯ ಅಂಕ ಪಡೆದು ಬೆಂಗಳೂರಿನ ಕಂಪನಿಯೊಂದರಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ನಾಲ್ಕು ವರ್ಷ ಒಂದೇ ಹಳೆಯ ವ್ಯವಸ್ಥೆ, ರಾತ್ರಿ ಪಾಳಿ. ಕಂಪನಿ ತನ್ನ ದಾಖಲೆಗಳನ್ನು ಕ್ಲೌಡ್‌ಗೆ ಸಾಗಿಸಿದ ದಿನ ಅವನ ಕೆಲಸ ಹೋಯಿತು. ಮುಂದಿನ ಸಂದರ್ಶನಗಳಲ್ಲಿ ಕೇಳಿದ ಪ್ರಶ್ನೆಗಳ ಅರ್ಧದಷ್ಟು ಪದಗಳೇ ಅವನಿಗೆ ಹೊಸದು. ಎಂಟು ತಿಂಗಳು ಮನೆಯಲ್ಲಿ ಕುಳಿತ. ನಮ್ಮ ಕಾರ್ಯದರ್ಶಿಗಳ ಮುಂದೆ ಅವನು ಹೇಳಿದ ಮಾತು ಇಷ್ಟೇ: “ಚಾಚಾ, ಓದೋಕೆ ಸೋಮಾರಿತನ ಇರಲಿಲ್ಲ. ಏನು ಓದಬೇಕು ಅಂತ ಹೇಳೋರು ಯಾರೂ ಇರಲಿಲ್ಲ.” ನಾಲ್ಕು ವರ್ಷ ಅವನ ಶುಲ್ಕ ಕಟ್ಟಿದ್ದ ನಾವು, ಪದವಿ ಪ್ರಮಾಣಪತ್ರದ ಫೋಟೊ ವಾರ್ಷಿಕ ವರದಿಯಲ್ಲಿ ಹಾಕಿ ಕೈ ತೊಳೆದುಕೊಂಡಿದ್ದೆವು.

ಏನು ಓದಬೇಕು ಎಂದು ಹೇಳುವವರು ಸಿಗುವ ಜಾಗವೇ ಈ ಸಮ್ಮೇಳನಗಳು. ಭಾಷಣ ಕೇಳುವುದು ಅದರ ಒಂದು ಭಾಗ ಮಾತ್ರ. ಪೋಸ್ಟ್‌ಗ್ರೆಸ್‌ ಬಳಸುವವರ ‘ಪಿಜಿ ಕಾನ್ಫ್ ಇಂಡಿಯಾ’ ಹಲವು ವರ್ಷಗಳಿಂದ ಬೆಂಗಳೂರಿನಲ್ಲಿ ನಡೆಯುತ್ತಿದೆ. (2025ರಲ್ಲಿ ಅದು ಮಾರ್ಚ್ ಮೊದಲ ವಾರ, ರಮ್ಜಾನ್ ಶುರುವಾದ ದಿನಗಳಲ್ಲೇ ಬಂತು. ಹೋಗುವವರು ಸಹರಿ, ಇಫ್ತಾರಿನ ಏರ್ಪಾಡು ಮೊದಲೇ ನೋಡಿಕೊಳ್ಳಬೇಕು.) ಒರಾಕಲ್ ಬಳಸುವವರಿಗೆ ಅಖಿಲ ಭಾರತ ಒರಾಕಲ್ ಬಳಕೆದಾರರ ಗುಂಪಿನ ‘ಸಂಗಮ್’ ಇದೆ. 2012ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ದಿ ಫಿಫ್ತ್ ಎಲಿಫೆಂಟ್’ ದತ್ತಾಂಶದ ಎಲ್ಲ ಬಗೆಯ ಕೆಲಸದವರದು. ಇವಲ್ಲದೆ ಶನಿವಾರ, ಭಾನುವಾರಗಳಲ್ಲಿ ಯಾವುದೋ ಕಚೇರಿಯ ಸಭಾಂಗಣದಲ್ಲಿ ಸೇರುವ ಚಿಕ್ಕ ಕೂಟಗಳು ಬೆಂಗಳೂರಿನಲ್ಲಿ ಬಹಳ, ಹೆಚ್ಚಿನವು ಉಚಿತ. ಸಂಶೋಧಕರ ಅತಿ ದೊಡ್ಡ ಸಮ್ಮೇಳನಗಳಲ್ಲಿ ಒಂದಾದ ವಿ.ಎಲ್.ಡಿ.ಬಿ. 1996ರಲ್ಲಿ ಮುಂಬಯಿಗೂ 2016ರಲ್ಲಿ ದೆಹಲಿಗೂ ಬಂದಿತ್ತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡೇಟಾಬೇಸ್ ಸಂಶೋಧನೆ ನಡೆಸಿದ ಪ್ರೊ. ಜಯಂತ್ ಹರಿತ್ಸ ಅವರಿಗೆ 2014ರ ಇನ್ಫೋಸಿಸ್ ಪ್ರಶಸ್ತಿ ಬಂದದ್ದೂ ಈ ವಿದ್ಯೆಯಲ್ಲೇ. ನಮ್ಮ ಮಕ್ಕಳಿಗೆ ಸದ್ಯ ಬೇಕಿರುವುದು ಮೊದಲು ಹೇಳಿದಂಥವು.

ಅಲ್ಲಿ ಏನು ಕಲಿಯುತ್ತಾರೆ? ಒಂದು ಘಟನೆ ಹೇಳಿದರೆ ತಿಳಿಯುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯ ಇಂಜಿನಿಯರ್ ಒಬ್ಬರು ತಡರಾತ್ರಿ ಒಂದು ತೊಂದರೆ ಸರಿಪಡಿಸುತ್ತಿದ್ದರು. ಎರಡನೆಯ ಯಂತ್ರದಲ್ಲಿ ಅಳಿಸಬೇಕಾದದ್ದನ್ನು ಮುಖ್ಯ ಯಂತ್ರದಲ್ಲಿ ಅಳಿಸಿಬಿಟ್ಟರು. ಒಂದೆರಡು ಸೆಕೆಂಡಿನಲ್ಲಿ ತಪ್ಪು ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಗಿಗಾಬೈಟ್ ಹೋಗಿ, ಉಳಿದದ್ದು ನಾಲ್ಕೂವರೆ. ನಕಲು ಇರಬೇಕಲ್ಲ ಎಂದು ಹುಡುಕಿದರೆ, ಪ್ರತಿದಿನ ತೆಗೆಯುತ್ತಿದ್ದ ನಕಲಿನ ಜಾಗ ಖಾಲಿ. ಡೇಟಾಬೇಸ್ 9.6ನೇ ಆವೃತ್ತಿಯದು, ನಕಲು ತೆಗೆಯುವ ಸಾಧನ 9.2ರದು, ಎರಡಕ್ಕೂ ಹೊಂದದೆ ಕೆಲಸ ಪ್ರತಿದಿನ ವಿಫಲವಾಗುತ್ತಿತ್ತು. ವಿಫಲವಾಯಿತು ಎಂದು ಎಚ್ಚರಿಸುವ ಇ-ಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಅದೇ ಇಂಜಿನಿಯರ್ ಆರು ಗಂಟೆ ಮೊದಲು ಬೇರೆ ಉದ್ದೇಶಕ್ಕೆ ತೆಗೆದಿದ್ದ ಒಂದು ನಕಲಿನಿಂದ ಎಲ್ಲವನ್ನೂ ಮತ್ತೆ ಕಟ್ಟಿದರು. ಆ ಆರು ಗಂಟೆಗಳಲ್ಲಿ ದಾಖಲಾದದ್ದು ಮಾತ್ರ ಹೋಯಿತು.

ಮುಂದೆ ಅವರು ಮಾಡಿದ್ದು ನಮಗೆ ಬಹಳ ಮೆಚ್ಚಿಗೆಯಾದ ಕೆಲಸ. ದುರಸ್ತಿ ನಡೆಯುವಾಗಲೇ ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿದರು, ಎಲ್ಲಿ ಎಡವಿದೆವು ಎಂಬುದನ್ನು ವಿವರವಾಗಿ ಬರೆದು ಪ್ರಕಟಿಸಿದರು, ಆ ವರದಿಯಲ್ಲಿ ತಪ್ಪು ಮಾಡಿದವರ ಹೆಸರು ಹಾಕಲಿಲ್ಲ. ನಕಲು ತೆಗೆದರೆ ಸಾಲದು, ಅದರಿಂದ ಆಗಾಗ ಮತ್ತೆ ಕಟ್ಟಿ ನೋಡಬೇಕು ಎಂಬುದು ಪಠ್ಯಪುಸ್ತಕದಲ್ಲೂ ಇರುತ್ತದೆ. ಆದರೆ ಪುಸ್ತಕದಲ್ಲಿ ಓದಿದ್ದು ಪರೀಕ್ಷೆಯ ಮರುದಿನ ಮರೆಯುತ್ತದೆ, ಹೀಗೆ ಕೈ ಸುಟ್ಟುಕೊಂಡವರ ಬಾಯಿಂದ ಕೇಳಿದ್ದು ಮರೆಯುವುದಿಲ್ಲ. ಸಮ್ಮೇಳನಗಳಲ್ಲಿ ಒಳ್ಳೆಯ ಭಾಷಣಗಳು ಹೆಚ್ಚಾಗಿ ಇಂಥವೇ. ಚಹಾ ವಿರಾಮದಲ್ಲಿ ನಡೆಯುವ ಮಾತುಕತೆಯಲ್ಲಿ ಇನ್ನೂ ಹೆಚ್ಚು ಸಿಗುತ್ತದೆ ಎಂದು ಹೋಗಿಬಂದವರು ಹೇಳುತ್ತಾರೆ.

ನಮಗೂ ಇಂತಹ ಪಾಠ ಆಗಿದೆ. ವಿದ್ಯಾರ್ಥಿವೇತನದ ಅರ್ಜಿಗಳ ಪಟ್ಟಿಯನ್ನು ನಾವು ಒಂದೇ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡಿದ್ದೆವು. ಹಣ ಹಂಚುವ ಎರಡು ವಾರ ಮೊದಲು ಅದರ ಹಾರ್ಡ್ ಡಿಸ್ಕ್ ಕೆಟ್ಟಿತು. ಪೆನ್ ಡ್ರೈವ್‌ನಲ್ಲಿದ್ದ ನಕಲು ತೆರೆಯಲಿಲ್ಲ. ಕಾಗದದ ಅರ್ಜಿಗಳನ್ನು ಎಸೆಯದೆ ಇಟ್ಟಿದ್ದರಿಂದ ಬದುಕಿದೆವು. ಈಗ ನಮ್ಮದೇ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ಪಟ್ಟಿಯನ್ನು ಪೋಸ್ಟ್‌ಗ್ರೆಸ್‌ನಲ್ಲಿ ಕಟ್ಟಿಕೊಟ್ಟಿದ್ದಾಳೆ. ತಿಂಗಳಿಗೊಮ್ಮೆ ನಕಲಿನಿಂದ ಮತ್ತೆ ಕಟ್ಟಿ, ಸರಿಯಿದೆಯೇ ಎಂದು ನಮ್ಮ ಮುಂದೆಯೇ ತೋರಿಸುತ್ತಾಳೆ. ಬೆಂಗಳೂರಿನ ಒಂದು ಶನಿವಾರದ ಕೂಟದಲ್ಲಿ ಕಲಿತದ್ದಂತೆ ಅದು.

ಇಂತಹ ಶನಿವಾರದ ಕೂಟಗಳಿಗೂ ಒಂದು ಇತಿಹಾಸವಿದೆ. 2007ರಲ್ಲಿ ಅಮೆರಿಕದ ಒರ್ಲ್ಯಾಂಡೊದಲ್ಲಿ ಮೂವರು ಡೇಟಾಬೇಸ್ ಕೆಲಸಗಾರರು ‘ಎಸ್‌ಕ್ಯುಎಲ್ ಸ್ಯಾಟರ್ಡೇ’ ಎಂಬ ಒಂದು ದಿನದ ಕೂಟ ಶುರು ಮಾಡಿದರು. ಕೇಳುವವರಿಗೆ ಪ್ರವೇಶ ಉಚಿತ, ಹೇಳುವವರಿಗೆ ಸಂಭಾವನೆ ಇಲ್ಲ. ಅದು ಹಲವು ದೇಶಗಳಿಗೆ ಹರಡಿತು. ಮುಂದೆ ಅದನ್ನು ನಡೆಸುತ್ತಿದ್ದ ‘ಪಾಸ್’ ಎಂಬ ದೊಡ್ಡ ಸಂಘ 1999ರಿಂದ ಇದ್ದದ್ದು, ಕೊರೊನಾ ಕಾಲದಲ್ಲಿ ವಾರ್ಷಿಕ ಸಮ್ಮೇಳನದ ಆದಾಯ ಕುಸಿದು 2021ರ ಜನವರಿಯಲ್ಲಿ ಮುಚ್ಚಿಹೋಯಿತು. ಸಂಘ ಹೋದರೂ ಶನಿವಾರದ ಕೂಟಗಳು ಉಳಿದವು. ಒಂದೇ ಆದಾಯವನ್ನು ನೆಚ್ಚಿದ ಸಂಸ್ಥೆಯ ಗತಿ ನೋಡಿ, ರಮ್ಜಾನಿನ ಒಂದೇ ತಿಂಗಳ ವಸೂಲಿಯ ಮೇಲೆ ನಿಂತಿರುವ ನಮ್ಮಂಥವರೂ ಸ್ವಲ್ಪ ಯೋಚಿಸಬೇಕಾಯಿತು.

ವಿದ್ಯೆಗಾಗಿ ಪ್ರಯಾಣ ಮಾಡುವುದು ನಮ್ಮ ಪರಂಪರೆಗೆ ಹೊಸದಲ್ಲ. ಒಂದೇ ಒಂದು ಹದೀಸನ್ನು ಕೇಳಿದವರ ಬಾಯಿಂದಲೇ ಕೇಳಲು ಹಜ್ರತ್ ಜಾಬಿರ್ ಬಿನ್ ಅಬ್ದುಲ್ಲಾಹ್ (ರ) ಅವರು ಒಂಟೆ ಕೊಂಡು ಒಂದು ತಿಂಗಳ ದಾರಿ ಸವೆಸಿ ಶಾಮ್ ದೇಶಕ್ಕೆ ಹೋದದ್ದನ್ನು ನಮ್ಮ ಉಲಮಾಗಳು ಹೇಳುತ್ತಲೇ ಇರುತ್ತಾರೆ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ.

ಇನ್ನು ಆ ಹಿರಿಯ ಸದಸ್ಯರ ಪ್ರಶ್ನೆಗೆ ಬರುತ್ತೇವೆ. ಝಕಾತ್ ಹಣದಿಂದ ಒಂದು ರೂಪಾಯಿಯೂ ಈ ಕಲಮಿಗೆ ಹೋಗುವುದಿಲ್ಲ. ಅದು ಅರ್ಹ ಬಡ ವಿದ್ಯಾರ್ಥಿಗಳ ಶುಲ್ಕಕ್ಕೆ ಮಾತ್ರ, ಅದರ ಲೆಕ್ಕ ಪ್ರತ್ಯೇಕ. ಸಮ್ಮೇಳನದ ನೆರವು ಸಾಮಾನ್ಯ ದೇಣಿಗೆಯಿಂದ, ಅದೂ ‘ಇದಕ್ಕೇ’ ಎಂದು ಕೊಟ್ಟವರ ಹಣದಿಂದ. ಒಳ್ಳೆಯ ಸಂಬಳ ಇರುವವರಿಗೆ ಕೊಡುವುದಿಲ್ಲ. ಕೆಲಸ ಕಳೆದುಕೊಂಡವರು, ಕೆಲಸ ಹುಡುಕುವವರು, ಮೊದಲ ಎರಡು ವರ್ಷದ ಸಂಬಳವನ್ನು ಮನೆಯ ಸಾಲಕ್ಕೆ ಕಟ್ಟುತ್ತಿರುವವರು, ಇವರಿಗೆ. ಇಷ್ಟಾದ ಮೇಲೆ ಅವರು ಒಪ್ಪಿದರು. ಪೂರ್ತಿ ಸಮಾಧಾನವಾಯಿತೆಂದು ನಾವು ಹೇಳುವುದಿಲ್ಲ. ಒಂದು ವರ್ಷದ ನಂತರ ಲೆಕ್ಕ ನೋಡಿ ಮುಂದುವರಿಸೋಣ ಎಂದಿದ್ದಾರೆ, ಅದು ಸಭೆಯ ನಡಾವಳಿಯಲ್ಲಿ ದಾಖಲಾಗಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಎರಡು ದಿನ ಬೆಂಗಳೂರಿನಲ್ಲಿ ಒಬ್ಬಳೇ ಹೇಗೆ ಎಂಬ ಕಾರಣಕ್ಕೆ ಅರ್ಜಿಯನ್ನೇ ಹಾಕದವರು ಇದ್ದಾರೆ. ತಾಯಿ, ಅಣ್ಣ ಅಥವಾ ಮನೆಯ ಒಬ್ಬ ಹಿರಿಯರು ಜೊತೆಗೆ ಹೋದರೆ ಅವರ ರೈಲು ಖರ್ಚನ್ನೂ ಟ್ರಸ್ಟ್ ಕೊಡುತ್ತದೆ.

ಊರಲ್ಲೇ ಕುಳಿತು ಮಾಡಬೇಕಾದ ಸಿದ್ಧತೆಯೂ ಇದೆ. ಐಐಟಿಗಳ ಪ್ರಾಧ್ಯಾಪಕರು ಪಾಠ ಮಾಡುವ ಎನ್‌ಪಿಟಿಇಎಲ್‌ನಲ್ಲಿ ಡೇಟಾಬೇಸ್ ಕೋರ್ಸ್ ಉಚಿತವಾಗಿ ಸಿಗುತ್ತದೆ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಪೋಸ್ಟ್‌ಗ್ರೆಸ್‌ ಅನ್ನು ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಹಾಕಿಕೊಂಡು ಅಭ್ಯಾಸ ಮಾಡಬಹುದು. ಹಳೆಯ ಸಮ್ಮೇಳನಗಳ ಎಷ್ಟೋ ಭಾಷಣಗಳು ಯೂಟ್ಯೂಬ್‌ನಲ್ಲಿವೆ. ಇವನ್ನು ಮುಟ್ಟದೆ ನೇರವಾಗಿ ಸಮ್ಮೇಳನಕ್ಕೆ ಹೋದರೆ ಊಟ ಚೆನ್ನಾಗಿತ್ತು ಎಂದಷ್ಟೇ ಹೇಳಿ ಬರಬೇಕಾಗುತ್ತದೆ. ಆದ್ದರಿಂದ ಅರ್ಜಿಯ ಜೊತೆಗೆ ಒಂದು ಪುಟ ಬರೆದುಕೊಡಬೇಕು: ಈವರೆಗೆ ಸ್ವಂತವಾಗಿ ಏನು ಕಲಿತಿರಿ, ಅಲ್ಲಿ ಯಾವ ಭಾಷಣ ಕೇಳಬೇಕೆಂದಿದ್ದೀರಿ, ಏಕೆ. ಕನ್ನಡ, ಉರ್ದು, ಇಂಗ್ಲಿಷ್ ಯಾವುದರಲ್ಲಾದರೂ ಸರಿ.

ಹೋಗಿಬಂದ ಒಂದು ತಿಂಗಳೊಳಗೆ ವಿದ್ಯಾನಗರದ ನಮ್ಮ ಕಚೇರಿಯಲ್ಲಿ ಒಂದು ಭಾನುವಾರ ಲುಹರ್ ನಮಾಜಿನ ನಂತರ ಕಿರಿಯ ವಿದ್ಯಾರ್ಥಿಗಳಿಗೆ ಒಂದು ಗಂಟೆ ಪಾಠ ಹೇಳಬೇಕು. ಹರಿಹರದ ವಿದ್ಯಾರ್ಥಿಗಳು ಬಂದುಹೋಗುವ ಬಸ್ ಖರ್ಚು ನಮ್ಮದು. ಟಿಕೆಟ್ಟು ಮತ್ತು ನೋಂದಣಿ ರಸೀದಿಗಳ ಮೂಲ ಪ್ರತಿ ಒಪ್ಪಿಸಿದ ಮೇಲೆ ಹಣ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಮುಂಗಡ ಬೇಕಾದವರು ಅರ್ಜಿಯಲ್ಲೇ ತಿಳಿಸಿ, ಸಂಕೋಚ ಬೇಡ. ಅರ್ಜಿ ನಮೂನೆ ಪ್ರಕಟಣೆಯ ಜೊತೆಗೇ ಇದೆ.