ಮನೆಯ ರೋಬೋ, ಅಂಗಡಿಯ ಬಿಲ್ಲು

ಕಸ ಗುಡಿಸಿ ನೆಲ ಒರೆಸುವ ರೋಬೋಗಳನ್ನು ಹೋಲಿಸುವ ವರ್ತಕರು ಹೀರುವ ಶಕ್ತಿಯನ್ನೇ ಮೊದಲು ನೋಡುವುದುಂಟು. ಬೆಳಗಾವಿಯ ಹಳೆಯ ಮನೆಗಳಲ್ಲಿ ಹೊಸ್ತಿಲೇ ಮೊದಲ ಪರೀಕ್ಷೆ: ಸುಮಾರು 2 ಸೆಂ.ಮೀ.ಗಿಂತ ಎತ್ತರವನ್ನು ಹೆಚ್ಚಿನ ಮಾದರಿಗಳು ದಾಟಲಾರವು. ಲೇಸರ್ ಮಾದರಿಯು ಕೋಣೆಯ ನಕ್ಷೆ ರಚಿಸಿಕೊಂಡು ಕತ್ತಲೆಯಲ್ಲೂ ಸಾಗುತ್ತದೆ. ಅಗ್ಗದ ಗೈರೋಸ್ಕೋಪ್ ಮಾದರಿಯದು ಅಂದಾಜಿನ ನಡಿಗೆ. ಖಾನಾಪುರದ ಮಳೆಗಾಲದ ಕೆಂಪು ಮಣ್ಣಿನ ಕಲೆಯನ್ನು, ಒದ್ದೆ ಬಟ್ಟೆಯನ್ನು ಬರಿದೆ ಎಳೆದೊಯ್ಯುವ ಯಂತ್ರ ಹರಡೀತು. ಒತ್ತಿ ತಿರುಗುವ ಜೋಡಿ ಮಾಪ್ ಮೇಲು.

ಇನ್ನು ತೆರಿಗೆಯ ಮಾತು. ವ್ಯಾಕ್ಯೂಮ್ ಕ್ಲೀನರ್‌ಗಳ ಮೇಲಿನ ಜಿ.ಎಸ್.ಟಿ. 2018ರ ಜುಲೈ 27ರಿಂದ ಶೇ. 28ರ ಬದಲು ಶೇ. 18 ಆಗಿದೆ, 30,000 ರೂ. ಮೂಲಬೆಲೆಗೆ ತೆರಿಗೆ 5,400 ರೂ. ಬಿಲ್ಲು ಸಂಸ್ಥೆಯ ಹೆಸರಿನಲ್ಲಿದ್ದರೂ ಯಂತ್ರ ಮನೆಯಲ್ಲಿ ಓಡಿದರೆ, ಕಲಂ 17(5)ರನ್ವಯ ಈ ಮೊತ್ತಕ್ಕೆ ಇನ್‌ಪುಟ್ ತೆರಿಗೆ ಜಮೆ ದೊರೆಯದು; ಸವಕಳಿಯೂ ಸಲ್ಲದು. ಕಾರ್ಖಾನೆಯ ಕಚೇರಿಯಲ್ಲೇ ಬಳಸಿದರೆ ಜಮೆ ಉಂಟು. ಆದರೆ ಜಮೆ ಪಡೆದ ತೆರಿಗೆಯ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ.