ಶಾಲೆಗೆ ರಜೆ, ಓದಿಗಲ್ಲ

ಎಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಉಮ್ಮಂದಿರ ದೂರು ಒಂದೇ: ‘ಎದ್ದದ್ದೇ ಮೊಬೈಲ್ ಹಿಡೀತಾರೆ, ಒಂದಕ್ಷರ ಓದಲ್ಲ.’ ಮಕ್ಕಳು ಆಡಲಿ, ಅಜ್ಜಿಮನೆಗೆ ಹೋಗಲಿ, ಬೇಡ ಅನ್ನುವವರು ಯಾರು? ಆದರೆ ಒಂದೂವರೆ ತಿಂಗಳು ಪುಸ್ತಕ ಮುಟ್ಟದ ಸಣ್ಣ ಮಗು ಮತ್ತೆ ಶಾಲೆಗೆ ಹೋದಾಗ ಒತ್ತಕ್ಷರಕ್ಕೂ ಮಗ್ಗಿಗೂ ತಡವರಿಸುತ್ತದೆ.

ಈ ನಷ್ಟ ಎಲ್ಲ ಮನೆಗೂ ಒಂದೇ ಅಲ್ಲ. ಯಾದಗಿರಿ ಜಿಲ್ಲೆಯ ಕೊಂಕಲ್ ಕಡೆ ನೋಡಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದ ಕೆಲಸ ಮುಗಿದ ಮೇಲೆ ಆ ಜಿಲ್ಲೆಯ ಎಷ್ಟೋ ಕುಟುಂಬಗಳು ಕೂಲಿ ಹುಡುಕಿ ಗುಳೆ ಹೋಗುತ್ತವೆ, ಮಕ್ಕಳನ್ನೂ ಕರಕೊಂಡು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. ನಮ್ಮ ದಕ್ಷಿಣ ಕನ್ನಡದ್ದು ಶೇ. 88.57. ಅಲ್ಲಿ ಶಾಲೆ ಮುಚ್ಚಿದರೆ ಓದಿಸುವವರೇ ಇಲ್ಲದ ಮನೆಗಳು ಬಹಳ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಅಕ್ಕನೋ ಉಮ್ಮನೋ ಓದಿದವರಿದ್ದಾರೆ. ಇದು ಸಣ್ಣ ಭಾಗ್ಯವಲ್ಲ.

ಆ ಕಡೆಯಿಂದ ಕಲಿಯುವ ಒಂದು ವಿಷಯವೂ ಇದೆ. ಕಲಬುರಗಿ ವಿಭಾಗದಲ್ಲಿ ಎಪ್ರಿಲ್, ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಸೆಕೆ ಏರುವ ಮೊದಲೇ ಕೆಲಸ ಮುಗಿಸುವ ಲೆಕ್ಕ. ಮಕ್ಕಳ ಓದಿಗೂ ಅದೇ ಹೊತ್ತು ಸರಿ. ಚಾ ಕುಡಿದ ಮೇಲೆ ಅರ್ಧ ಗಂಟೆ ಸಾಕು; ಅದು ಮುಗಿಯುವ ತನಕ ಮೊಬೈಲ್ ಕೊಡಬೇಡಿ.

ಏನು ಓದಿಸುವುದು? ಪಾಠಪುಸ್ತಕವೇ ಬೇಕೆಂದಿಲ್ಲ. ಗ್ರಾಮ ಪಂಚಾಯತ್ ಲೈಬ್ರರಿಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ 2020ರಲ್ಲೇ ಶುರುವಾಗಿದೆ. ವಾರಕ್ಕೊಂದು ಕತೆಪುಸ್ತಕ ತನ್ನಿ. ತಂದೆ ಗಲ್ಫ್‌ನಲ್ಲಿದ್ದರೆ ಮಗು ದಿನಕ್ಕೊಂದು ಪುಟ ಜೋರಾಗಿ ಓದಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲಿ. ಅಂಗಡಿ ಸಾಮಾನಿನ ಚೀಟಿ ಮಗುವೇ ಬರೆಯಲಿ, ಚಿಲ್ಲರೆ ಎಣಿಸಿ ತರಲಿ. ಅಜ್ಜಿ ಬ್ಯಾರಿಯಲ್ಲಿ ಹೇಳುವ ಕತೆಯನ್ನು ಕನ್ನಡ ಅಕ್ಷರದಲ್ಲಿ ಬರೆದಿಡಲಿ. ಭಾಷೆಯೂ ಉಳಿಯಿತು, ಬರವಣಿಗೆಯೂ ಆಯಿತು. ತಪ್ಪಾದರೆ ಗದರಬೇಡಿ, ಮತ್ತೊಮ್ಮೆ ಓದಿಸಿ.

ಉತ್ತರ ಕರ್ನಾಟಕದಿಂದ ಗುಳೆ ಬಂದವರು ನಮ್ಮೂರಿನ ಕಟ್ಟಡಗಳಲ್ಲೂ ದುಡಿಯುತ್ತಿದ್ದಾರೆ. ಅವರ ಮಕ್ಕಳು ಜಲ್ಲಿ ರಾಶಿಯ ಪಕ್ಕದಲ್ಲೇ ರಜೆ ಕಳೆಯುತ್ತಾರೆ. ನಿಮ್ಮ ಬೀದಿಯಲ್ಲೂ ಅಂಥ ಮಗು ಇದ್ದರೆ ಬೆಳಗ್ಗಿನ ಅರ್ಧ ಗಂಟೆ ನಿಮ್ಮ ಮಗುವಿನ ಜೊತೆ ಅದೂ ಜಗಲಿಯಲ್ಲಿ ಕೂರಲಿ. ಇಬ್ಬರಿಗೆ ಓದಿಸಲು ಹೆಚ್ಚು ಹೊತ್ತು ಬೇಡ; ಒಂದು ಚಾಪೆ ಸಾಕು.